ಪರಿವಿಡಿಯ ಪುಟ: ಪತ್ರಿಕೆಗಳ ವಿಷಯಸೂಚಿಯ ಚರಿತ್ರೆ

ಪತ್ರಿಕೆಯೊಂದರ ಸಂಚಿಕೆಯಲ್ಲಿ ಎಲ್ಲರೂ ನೋಡುವ, ಆದರೆ ಓದಿದೆನೆಂದು ಯಾರೂ ಹೇಳಿಕೊಳ್ಳದ ಪುಟವೆಂದರೆ ಪರಿವಿಡಿಯ ಪುಟ. ಕಣ್ಣು ಅದರ ಮೇಲೆ ಒಮ್ಮೆ ಹರಿದು, ಬೇಕಾದ ಸಂಖ್ಯೆಯನ್ನು ಹಿಡಿದುಕೊಂಡು ಮುಂದೆ ಸಾಗುತ್ತದೆ. ಲೇಖನದ ಶೈಲಿ, ಸಂಪಾದಕೀಯದ ನಿಲುವು, ಮುಖಪುಟದ ಚಿತ್ರ ಇವೆಲ್ಲ ವಿಮರ್ಶೆಗೆ ಒಳಗಾಗಿವೆ. ಪರಿವಿಡಿ ಮಾತ್ರ ದಾರಿಯ ಕೈಕಂಬದಂತೆ ಗಮನಕ್ಕೆ ಬಾರದೆ ಉಳಿದಿದೆ. ಆದರೆ ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗೆ ಈ ಪುಟ ಕೇವಲ ಕೈಕಂಬವಲ್ಲ. ಯಾರ ಬರಹ ಮೊದಲು, ಯಾರದು ಕೊನೆಗೆ, ಯಾರ ಹೆಸರು ಕಾಣಬೇಕು, ಯಾರದು ಕಾಣಬಾರದು ಎಂಬ ತೀರ್ಮಾನಗಳು ಅಲ್ಲಿ ದಾಖಲಾಗಿವೆ. ಪರಿವಿಡಿಯ ವಿನ್ಯಾಸದ ಚರಿತ್ರೆಯೆಂದರೆ ಬಹುಮಟ್ಟಿಗೆ ಲೇಖಕನ ಹೆಸರಿನ ಚರಿತ್ರೆಯೇ ಆಗಿದೆ.

ಕನ್ನಡದಲ್ಲಿ ಈ ಪುಟಕ್ಕೆ ಹಲವು ಹೆಸರುಗಳಿವೆ: ಪರಿವಿಡಿ, ವಿಷಯಸೂಚಿ, ವಿಷಯಾನುಕ್ರಮಣಿಕೆ, ‘ಈ ಸಂಚಿಕೆಯಲ್ಲಿ’, ‘ಒಳಪುಟಗಳಲ್ಲಿ’. ಇವುಗಳಲ್ಲಿ ಪರಿವಿಡಿ ಎಂಬುದು ಕ್ರಮ, ಸರಣಿ ಎಂಬ ಅರ್ಥದ ಹಳೆಯ ಮಾತು, ಅನುಕ್ರಮಣಿಕೆ ಸಂಸ್ಕೃತದ್ದು. ಎರಡೂ ಕ್ರಮವನ್ನೇ ಸೂಚಿಸುತ್ತವೆ ಎಂಬುದು ಗಮನಾರ್ಹ. ‘ಈ ಸಂಚಿಕೆಯಲ್ಲಿ’ ಎಂಬುದು ಹಾಗಲ್ಲ. ಅದು ಓದುಗನನ್ನು ಒಳಗೆ ಕರೆಯುವ ಮಾತು. ಕ್ರಮವನ್ನು ತಿಳಿಸುವುದು ಒಂದು ಕೆಲಸ, ಓದುಗನನ್ನು ಆಹ್ವಾನಿಸುವುದು ಇನ್ನೊಂದು. ಈ ಎರಡು ಕೆಲಸಗಳ ನಡುವಿನ ಎಳೆದಾಟ ಈ ಪುಟದ ಇತಿಹಾಸದುದ್ದಕ್ಕೂ ಕಾಣುತ್ತದೆ.

ಪತ್ರಿಕೆಗಳು ಹುಟ್ಟುವುದಕ್ಕೆ ಬಹಳ ಹಿಂದೆಯೇ ಪರಿವಿಡಿ ಹುಟ್ಟಿತ್ತು. ಋಗ್ವೇದಕ್ಕೆ ಸಂಬಂಧಿಸಿದ ಕಾತ್ಯಾಯನನ ಸರ್ವಾನುಕ್ರಮಣಿಯು ಪ್ರತಿಯೊಂದು ಸೂಕ್ತಕ್ಕೂ ಅದರ ಮೊದಲ ಪದ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು ಇವನ್ನು ಕೊಡುತ್ತದೆ. ಬಾಯಿಂದ ಬಾಯಿಗೆ ಬಂದ ಪಠ್ಯಕ್ಕೆ ಪುಟವಿಲ್ಲ, ಪುಟಸಂಖ್ಯೆಯೂ ಇಲ್ಲ. ಆದ್ದರಿಂದ ಸೂಕ್ತದ ಮೊದಲ ಪದವೇ ಪುಟಸಂಖ್ಯೆಯ ಕೆಲಸವನ್ನು ಮಾಡಿತು. ಅಷ್ಟೇ ಮುಖ್ಯವಾದ ಸಂಗತಿಯೆಂದರೆ ಈ ಸೂಚಿಯಲ್ಲಿ ಋಷಿಯ ಹೆಸರಿಗೆ ಒಂದು ಸ್ಥಾನ ಕಡ್ಡಾಯವಾಗಿತ್ತು. ಮಹಾಭಾರತದ ಆದಿಪರ್ವದಲ್ಲಿ ಬರುವ ಪರ್ವಸಂಗ್ರಹವೂ ಇಂತಹದೇ ಒಂದು ಪರಿವಿಡಿ. ಪರ್ವಗಳ ಕಥಾವಸ್ತುವಿನೊಡನೆ ಅಧ್ಯಾಯಗಳ, ಶ್ಲೋಕಗಳ ಎಣಿಕೆಯನ್ನೂ ಅದು ಕೊಡುತ್ತದೆ. ಕುಮಾರವ್ಯಾಸನ ಸಂಧಿಗಳ ಆರಂಭದಲ್ಲಿ ಬರುವ ಸೂಚನಾಪದ್ಯ ಇದೇ ಮನೋಧರ್ಮದ ಕನ್ನಡ ರೂಪ. ಮುಂದೆ ನಡೆಯಲಿರುವ ಕಥೆಯ ಸಾರವನ್ನು ಅದು ಮೊದಲೇ ಹೇಳಿಬಿಡುತ್ತದೆ. ಕೇಳುಗನ ಕುತೂಹಲ ಅದರಿಂದ ಕುಂದುವುದಿಲ್ಲ. ಅವನು ಕಥೆಯನ್ನು ಬಲ್ಲವನು, ಈ ದಿನದ ವಾಚನ ಎಲ್ಲಿಂದ ಎಲ್ಲಿಗೆ ಎಂಬುದಷ್ಟೇ ಅವನಿಗೆ ಬೇಕಾದದ್ದು.

ರೋಮಿನ ಹಿರಿಯ ಪ್ಲಿನಿ ಕ್ರಿ.ಶ. 77ರ ಸುಮಾರಿಗೆ ರಚಿಸಿದ ‘ನ್ಯಾಚುರಲಿಸ್ ಹಿಸ್ಟೋರಿಯಾ’ದಲ್ಲಿ 37 ಭಾಗಗಳಿವೆ. ಅರ್ಪಣೆಯ ಪತ್ರದ ನಂತರ ಮೊದಲನೆಯ ಭಾಗವೆಲ್ಲ ಉಳಿದ 36 ಭಾಗಗಳ ವಿಷಯಸೂಚಿಯೇ. ಮುಂದೆ ಚಕ್ರವರ್ತಿಯಾದ ಟೈಟಸ್‌ನಿಗೆ ಅರ್ಪಿತವಾದ ಈ ಗ್ರಂಥದ ಪೀಠಿಕೆಯಲ್ಲಿ ಪ್ಲಿನಿ ಕೊಡುವ ಕಾರಣ ಸ್ವಾರಸ್ಯಕರವಾಗಿದೆ. ರಾಜಕಾರ್ಯದಲ್ಲಿ ಮುಳುಗಿದವನು ಗ್ರಂಥವನ್ನು ಆದ್ಯಂತವಾಗಿ ಓದುವ ಅಗತ್ಯ ಬೀಳದಿರಲಿ, ಉಳಿದವರೂ ತಮಗೆ ಬೇಕಾದುದನ್ನಷ್ಟೇ ಹುಡುಕಿಕೊಳ್ಳಲಿ ಎಂಬುದು ಅವನ ಉದ್ದೇಶ. ಓದದಿರುವುದಕ್ಕೂ ಒಂದು ಅನುಕೂಲ ಬೇಕೆಂಬುದನ್ನು ಇಷ್ಟು ನಿಸ್ಸಂಕೋಚವಾಗಿ ಒಪ್ಪಿಕೊಂಡ ಲೇಖಕರು ವಿರಳ. ಪ್ಲಿನಿಯ ಸೂಚಿಯಲ್ಲಿ ಪ್ರತಿಯೊಂದು ಭಾಗದ ಕೊನೆಗೆ ಆಧಾರವಾಗಿ ಬಳಸಿದ ಗ್ರಂಥಕಾರರ ಹೆಸರುಗಳೂ ಇವೆ. ಹೀಗೆ ಪೂರ್ವ ಪಶ್ಚಿಮಗಳೆರಡರಲ್ಲೂ ಪ್ರಾಚೀನ ಪರಿವಿಡಿಯು ವಿಷಯದ ಜೊತೆಗೆ ಹೆಸರನ್ನೂ ಕಾಪಾಡಿತು.

ಸೂಚಿಯು ಓದುಗನನ್ನು ನಿಶ್ಚಿತವಾದ ಒಂದು ಸ್ಥಳಕ್ಕೆ ಕಳುಹಿಸಬೇಕಾದರೆ ಎಲ್ಲ ಪ್ರತಿಗಳಲ್ಲಿಯೂ ಆ ಸ್ಥಳ ಒಂದೇ ಆಗಿರಬೇಕು. ಓಲೆಗರಿಯ ಅಂಚಿನಲ್ಲಿ ಬರೆದ ಅಂಕಿ ಆ ಕಟ್ಟಿಗೆ ಮಾತ್ರ ಸಲ್ಲುತ್ತದೆ. ಇನ್ನೊಬ್ಬ ಲಿಪಿಕಾರನ ಕೈಯಲ್ಲಿ ಅದೇ ಪದ್ಯ ಬೇರೆ ಗರಿಗೆ ಸರಿಯುತ್ತದೆ. ಮುದ್ರಣದಿಂದಾಗಿ ಈ ಸ್ಥಿತಿ ಬದಲಾಯಿತು. 1470ರಲ್ಲಿ ಕೊಲೋನ್ ನಗರದ ಆರ್ನಾಲ್ಡ್ ಥೆರ್‌ಹೋರ್ನೆನ್ ಮುದ್ರಿಸಿದ ಒಂದು ಧರ್ಮೋಪದೇಶದ ಪುಸ್ತಿಕೆಯಲ್ಲಿ ಹಾಳೆಗಳ ಮೇಲೆ ಅಚ್ಚಾದ ಅಂಕಿಗಳು ಕಾಣಿಸಿಕೊಂಡವು. ಅದು ವಾಡಿಕೆಯಾಗಲು ಇನ್ನೂ ಹಲವು ದಶಕಗಳು ಬೇಕಾದರೂ ಆಧುನಿಕ ಪರಿವಿಡಿಗೆ ಬೇಕಾದ ತಳಹದಿ ಅಲ್ಲಿ ಸಿದ್ಧವಾಯಿತು.

ನಿಯತಕಾಲಿಕಗಳ ವಿಷಯಕ್ಕೆ ಬಂದರೆ, ಲಂಡನ್ನಿನಲ್ಲಿ 1665ರ ಮಾರ್ಚಿಯಲ್ಲಿ ಹೆನ್ರಿ ಓಲ್ಡನ್‌ಬರ್ಗ್ ಆರಂಭಿಸಿದ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ತನ್ನ ಮೊದಲ ಸಂಚಿಕೆಯಿಂದಲೇ ಪರಿವಿಡಿಯನ್ನು ಹೊಂದಿತ್ತು. ಆದರೆ ಅದು ಇಂದಿನ ಪಟ್ಟಿಯಂತೆ ಸಾಲುಸಾಲಾಗಿರಲಿಲ್ಲ. ಬರಹಗಳ ಶೀರ್ಷಿಕೆಗಳು ಒಂದರ ಹಿಂದೊಂದು ಸೇರಿ ಒಂದೇ ಪರಿಚ್ಛೇದವಾಗಿ ಸಂಚಿಕೆಯ ತಲೆಯಲ್ಲಿ ನಿಂತಿದ್ದವು. ಕೆಲವೇ ಪುಟಗಳ ಸಂಚಿಕೆಗೆ ಅಷ್ಟು ಸಾಕಾಗಿತ್ತು. ಅದು ಹುಡುಕುವ ಸಾಧನವಾಗಿರುವುದಕ್ಕಿಂತ ಈ ಬಾರಿ ಏನೇನು ಬಂದಿದೆ ಎಂಬ ಘೋಷಣೆಯಾಗಿತ್ತು.

ಈ ಘೋಷಣೆಯ ಗುಣ 1731ರ ಜನವರಿಯಲ್ಲಿ ಎಡ್ವರ್ಡ್ ಕೇವ್ ಹೊರತಂದ ‘ಜಂಟಲ್‌ಮನ್ಸ್ ಮ್ಯಾಗಜಿನ್’ನಲ್ಲಿ ಪೂರ್ಣವಾಗಿ ಅರಳಿತು. ಮ್ಯಾಗಜಿನ್ ಎಂಬ ಪದದ ಮೂಲ ಅರಬ್ಬಿಯದು. ಉಗ್ರಾಣ ಎಂಬುದು ಅದರ ಅರ್ಥ. ಆ ಪದವನ್ನು ನಿಯತಕಾಲಿಕಕ್ಕೆ ಅನ್ವಯಿಸಿದ ಕೀರ್ತಿ ಕೇವ್‌ಗೆ ಸಲ್ಲುತ್ತದೆ. ಉಗ್ರಾಣದ ಬಾಗಿಲಲ್ಲಿ ಸರಕಿನ ಪಟ್ಟಿ ಇರಬೇಕಷ್ಟೆ. ಆತನ ಪತ್ರಿಕೆಯ ಮೊದಲ ಪುಟದಲ್ಲಿ ಮುದ್ರಣಾಲಯವಿದ್ದ ಸೇಂಟ್ ಜಾನ್ಸ್ ಗೇಟ್ ಎಂಬ ಹೆಬ್ಬಾಗಿಲಿನ ಚಿತ್ರವಿತ್ತು. ಅದರ ಎರಡೂ ಬದಿಗಳಲ್ಲಿ ಸುದ್ದಿಪತ್ರಿಕೆಗಳ ಹೆಸರುಗಳು ಕಂಬಗಳಂತೆ ನಿಂತಿದ್ದವು. ಕೆಳಗೆ ಸಂಚಿಕೆಯ ವಿಷಯಗಳು ರೋಮನ್ ಅಂಕಿಗಳೊಡನೆ ಅಚ್ಚಾಗಿದ್ದವು. ವಾರದ ವಾದವಿವಾದಗಳು, ಕವಿತೆಗಳು, ಊರಿನ ಸಮಾಚಾರ, ಸರಕಿನ ದರ, ಹೊಸ ಪುಸ್ತಕಗಳು ಎಂಬ ವಿಭಾಗಗಳನ್ನು ಕಂಡ ಗಿರಾಕಿಯು ಒಳಪುಟ ತಿರುವುವ ಮೊದಲೇ ತಾನು ಕೊಡುವ ಆರು ಪೆನ್ನಿಗೆ ಏನು ದೊರೆಯುತ್ತದೆಂದು ಅರಿಯುತ್ತಿದ್ದನು. ಸಂಪಾದಕನು ಮಾತ್ರ ಸಿಲ್ವೇನಸ್ ಅರ್ಬನ್ ಎಂಬ ಕಲ್ಪಿತನಾಮದ ಹಿಂದೆ ಅಡಗಿದ್ದನು. ವಿಷಯಗಳೆಲ್ಲ ಬಾಗಿಲಲ್ಲಿದ್ದವು; ಹೆಸರುಗಳು ಒಳಗೆಲ್ಲೋ ಮರೆಯಾಗಿದ್ದವು.

ಈ ಮರೆ ಮುಂದಿನ ಶತಮಾನದಲ್ಲಿ ನಿಯಮವೇ ಆಯಿತು. 1802ರಲ್ಲಿ ಆರಂಭವಾದ ‘ಎಡಿನ್‌ಬರೋ ರಿವ್ಯೂ’ ಮತ್ತು ಅದರ ಹಾದಿಯಲ್ಲಿ ಬಂದ ತ್ರೈಮಾಸಿಕಗಳು ಲೇಖನಗಳಿಗೆ ಕ್ರಮಸಂಖ್ಯೆಯನ್ನು ಕೊಟ್ಟು, ವಿಮರ್ಶೆಗೆ ಎತ್ತಿಕೊಂಡ ಗ್ರಂಥದ ಹೆಸರನ್ನೇ ಶೀರ್ಷಿಕೆಯಾಗಿಸಿದವು. ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಯಿತು. ವಿಮರ್ಶೆಗೆ ಒಳಗಾದ ಗ್ರಂಥಕರ್ತನ ಹೆಸರು ಪರಿವಿಡಿಯಲ್ಲಿ ಕಾಣುತ್ತಿತ್ತು. ಅವನನ್ನು ಹೊಗಳಿದವನ ಅಥವಾ ಹೀಗಳೆದವನ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ತೀರ್ಪು ವ್ಯಕ್ತಿಯದಲ್ಲ, ಪತ್ರಿಕೆಯದು ಎಂಬುದು ಇದರ ಹಿಂದಿದ್ದ ಸಮರ್ಥನೆ. ನಿರ್ಭೀತವಾದ ವಿಮರ್ಶೆಗೆ ಅದು ರಕ್ಷಣೆ ಕೊಟ್ಟಿತೆಂಬುದು ನಿಜ. ಹೊಣೆಯಿಲ್ಲದ ಆಕ್ರಮಣಕ್ಕೂ ಅಷ್ಟೇ ರಕ್ಷಣೆ ಕೊಟ್ಟಿತು.

ಸೃಜನಸಾಹಿತ್ಯವೂ ಈ ನಿಯಮಕ್ಕೆ ಹೊರತಾಗಿರಲಿಲ್ಲ. ಮುಂದೆ ಜಾರ್ಜ್ ಎಲಿಯಟ್ ಎಂಬ ಹೆಸರಿನಿಂದ ಪ್ರಸಿದ್ಧಳಾದ ಮೇರಿಯನ್ ಇವಾನ್ಸ್‌ಳ ಮೊದಲ ಕಥೆಗಳು 1857ರಲ್ಲಿ ‘ಬ್ಲ್ಯಾಕ್‌ವುಡ್ಸ್ ಮ್ಯಾಗಜಿನ್’ನಲ್ಲಿ ಪ್ರಕಟವಾದಾಗ ಅವುಗಳಿಗೆ ಲೇಖಕರ ಹೆಸರೇ ಇರಲಿಲ್ಲ. ಆಕೆಯ ಬಾಳಸಂಗಾತಿ ಜಿ.ಎಚ್. ಲೂಯಿಸ್ 1865ರಲ್ಲಿ ‘ಫೋರ್ಟ್‌ನೈಟ್ಲಿ ರಿವ್ಯೂ’ದ ಮೊದಲ ಸಂಪಾದಕನಾದಾಗ ಆ ಪತ್ರಿಕೆ ಲೇಖನಗಳಿಗೆ ಸಹಿಯಿರಬೇಕೆಂಬ ನೀತಿಯನ್ನು ಘೋಷಿಸಿತು ಎಂಬುದನ್ನು ಇಲ್ಲಿ ನೆನೆಯಬೇಕು. 1877ರಲ್ಲಿ ಜೇಮ್ಸ್ ನೋಲ್ಸ್ ಆರಂಭಿಸಿದ ‘ನೈನ್‌ಟೀನ್ತ್ ಸೆಂಚುರಿ’ ಆ ನೀತಿಯನ್ನೇ ಮುಖ್ಯ ಆಕರ್ಷಣೆಯನ್ನಾಗಿಸಿತು. ಶೀರ್ಷಿಕೆ, ಲೇಖಕ, ಪುಟಸಂಖ್ಯೆ ಎಂಬ ಮೂರು ಅಂಕಣಗಳ ವಿನ್ಯಾಸ ಇಂದು ಸಹಜವೆನಿಸುತ್ತದೆ. ಅದರ ನಡುವಣ ಅಂಕಣವನ್ನು ಹೀಗೆ ವಾದಮಾಡಿಯೇ ಗಳಿಸಬೇಕಾಯಿತು.

ಹೆಸರಿಲ್ಲದ ಪರಿವಿಡಿಗಳ ಬೆಲೆಯನ್ನು ತೆತ್ತವರು ನಂತರದ ಸಂಶೋಧಕರು. ವಾಲ್ಟರ್ ಹೌಟನ್ ಸಂಪಾದಕತ್ವದಲ್ಲಿ ಆರಂಭವಾದ ‘ವೆಲೆಸ್ಲಿ ಇಂಡೆಕ್ಸ್’ 1824ರಿಂದ 1900ರವರೆಗಿನ ಪ್ರಮುಖ ಬ್ರಿಟಿಷ್ ನಿಯತಕಾಲಿಕಗಳ ಪರಿವಿಡಿಗಳನ್ನು ಸಂಚಿಕೆಯಿಂದ ಸಂಚಿಕೆಗೆ ಮರುಮುದ್ರಿಸಿ, ಪ್ರತಿಯೊಂದು ಲೇಖನದ ಮುಂದೆ ಅದನ್ನು ಬರೆದವರ ಹೆಸರನ್ನೂ ಆ ನಿರ್ಣಯಕ್ಕೆ ಇರುವ ಆಧಾರವನ್ನೂ ಕೊಟ್ಟಿತು. ಪ್ರಕಾಶಕರ ಲೆಕ್ಕದ ಪುಸ್ತಕಗಳು, ಖಾಸಗಿ ಪತ್ರಗಳು, ಸಂಪಾದಕರ ಗುರುತುಗಳಿದ್ದ ಪ್ರತಿಗಳು ಇವೇ ಆ ಆಧಾರಗಳು. ಮೊದಲ ಸಂಪುಟ 1966ರಲ್ಲಿ ಬಂದರೆ ಐದನೆಯ ಸಂಪುಟ ಬಂದದ್ದು 1989ರಲ್ಲಿ. ಒಂದು ಅಂಕಣವನ್ನು ಖಾಲಿ ಬಿಟ್ಟದ್ದರಿಂದ ವಿದ್ವಾಂಸರ ಒಂದು ತಲೆಮಾರು ದುಡಿಯಬೇಕಾಯಿತು. ಇಷ್ಟಾದರೂ ಈ ಮಹಾಸೂಚಿ ಕವಿತೆಗಳನ್ನು ಹೊರಗಿಟ್ಟಿತು. ಪತ್ರಿಕೆಗಳ ಮೂಲೆಗಳನ್ನು ತುಂಬಿದ್ದ ಕವಿಗಳನ್ನು ಗುರುತಿಸುವ ಕೆಲಸ ಮುಂದಿನವರ ಪಾಲಿಗೆ ಉಳಿಯಿತು.

ಕನ್ನಡದ ಸಂದರ್ಭದಲ್ಲಿ ಸಮಸ್ಯೆಯ ರೂಪ ಸ್ವಲ್ಪ ಬೇರೆ. ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, ‘ಪ್ರಬುದ್ಧ ಕರ್ಣಾಟಕ’, ‘ಜಯಕರ್ನಾಟಕ’, ‘ಜೀವನ’ಗಳ ಕಾಲ ಕಾವ್ಯನಾಮಗಳ ಕಾಲವೂ ಹೌದು. ಅಂಬಿಕಾತನಯದತ್ತ, ವಿನಾಯಕ, ರಸಿಕರಂಗ ಎಂಬ ಹೆಸರುಗಳ ಹಿಂದಿರುವವರು ಬೇಂದ್ರೆ, ಗೋಕಾಕ, ಮುಗಳಿ ಎಂಬುದು ಇಂದಿಗೂ ಎಲ್ಲರಿಗೂ ಗೊತ್ತು. ಆದರೆ ‘ಶ್ರೀ’, ‘ಶ್ರೀನಿವಾಸ’, ‘ಶ್ರೀರಂಗ’ ಎಂಬ ಮೂರು ಹೆಸರುಗಳು ಅಕಾರಾದಿಯಲ್ಲಿ ಹತ್ತಿರ ಹತ್ತಿರ ಬಂದಾಗ ಅವು ಬಿ.ಎಂ. ಶ್ರೀಕಂಠಯ್ಯ, ಮಾಸ್ತಿ, ಆದ್ಯ ರಂಗಾಚಾರ್ಯ ಎಂಬ ಮೂವರು ಬೇರೆ ಬೇರೆ ಲೇಖಕರೆಂದು ಹೊಸ ವಿದ್ಯಾರ್ಥಿಗೆ ಯಾರಾದರೂ ಹೇಳಿಕೊಡಬೇಕಾಗುತ್ತದೆ. ‘ಆನಂದ’ ಅಜ್ಜಂಪುರ ಸೀತಾರಾಮರಾದರೆ ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮರು. ಸುಪ್ರಸಿದ್ಧರ ವಿಷಯದಲ್ಲಿ ಈ ಗೊಂದಲಕ್ಕೆ ಪರಿಹಾರ ಸುಲಭ. ಒಂದೆರಡು ಕವಿತೆ, ಕಥೆಗಳನ್ನು ಬರೆದು ಸುಮ್ಮನಾದವರ ಕಾವ್ಯನಾಮಗಳಾದರೆ ಅವುಗಳ ಗುಟ್ಟು ಅವರೊಡನೆಯೇ ಹೋಗಿಬಿಡುತ್ತದೆ.

ಲೇಖಕಿಯರ ವಿಷಯದಲ್ಲಿ ಈ ಅಂಕಣ ಇನ್ನೂ ಮಾರ್ಮಿಕವಾದ ಕಥೆಯನ್ನು ಹೇಳುತ್ತದೆ. ಕೊಡಗಿನ ಗೌರಮ್ಮನವರು ತಮ್ಮ ಕಥೆಗಳನ್ನು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಪ್ರಕಟಿಸುತ್ತಿದ್ದರು. 1939ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ ಅವರು ತೀರಿಕೊಂಡ ಮೇಲೆ ‘ಕಂಬನಿ’, ‘ಚಿಗುರು’ ಸಂಕಲನಗಳು ಬಂದವು. ಇಂದು ಸಾಹಿತ್ಯಚರಿತ್ರೆಯಲ್ಲಿ ಅವರು ಗೌರಮ್ಮನವರಾಗಿಯೇ ಉಳಿದಿದ್ದಾರೆ. ಗೌರಮ್ಮ ಎಂಬ ಹೆಸರನ್ನು ಹುಡುಕುತ್ತ ಅಂದಿನ ಪತ್ರಿಕೆಗಳ ಪರಿವಿಡಿಗಳನ್ನು ತಿರುವುವವನು ಅವರ ಕಥೆಯ ಮೇಲೆಯೇ ಬೆರಳಿಟ್ಟು ಮುಂದೆ ಸಾಗಿಬಿಡಬಹುದು. ಅಲ್ಲಿ ಕಾಣುವುದು ಪತಿಯ ಇನಿಷಿಯಲ್ಲುಗಳು ಮತ್ತು ಒಂದು ಇಂಗ್ಲಿಷ್ ಉಪಾಧಿ. ಹೆಸರು ಇದ್ದೂ ಇಲ್ಲದಂತಿರುವ ಈ ಸ್ಥಿತಿ ಹೆಸರೇ ಇಲ್ಲದಿರುವುದಕ್ಕಿಂತ ಸಂಶೋಧಕನನ್ನು ಹೆಚ್ಚು ದಾರಿತಪ್ಪಿಸುತ್ತದೆ.

ಇನ್ನು ಪುಟದ ರಚನೆ. ಶೀರ್ಷಿಕೆ ಎಡಕ್ಕೆ, ಅಂಕಿ ಬಲಕ್ಕೆ, ನಡುವೆ ಚುಕ್ಕಿಗಳ ಸಾಲು ಎಂಬುದು ಬಹುಕಾಲದ ವಾಡಿಕೆ. ಶೀರ್ಷಿಕೆಗಳ ಉದ್ದ ಒಂದೇ ಸಮನಾಗಿರದ ಕಾರಣ, ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರದಂತೆ ಚುಕ್ಕಿಗಳು ಕೈಹಿಡಿದು ನಡೆಸುತ್ತವೆ. ಇಪ್ಪತ್ತನೆಯ ಶತಮಾನದ ವಿನ್ಯಾಸಕಾರರು ಅಂಕಿಯನ್ನೇ ಶೀರ್ಷಿಕೆಯ ಮುಂದೆ ತಂದು ನಿಲ್ಲಿಸಿದಾಗ ಚುಕ್ಕಿಗಳ ಅಗತ್ಯವೇ ಇಲ್ಲವಾಯಿತು. ಕ್ರಮದ ಪ್ರಶ್ನೆ ಇದಕ್ಕಿಂತ ಗಹನವಾದುದು. ಪುಟಗಳ ಕ್ರಮದಲ್ಲಿಯೇ ಪಟ್ಟಿಮಾಡಿದರೆ ಪರಿವಿಡಿಯು ಸಂಚಿಕೆಯ ನಕಾಶೆಯಾಗುತ್ತದೆ. ಕವಿತೆ, ಕಥೆ, ಪ್ರಬಂಧ, ಗ್ರಂಥವಿಮರ್ಶೆ ಎಂದು ಪ್ರಕಾರಗಳಾಗಿ ಒಡೆದರೆ ಅದು ಸಾಹಿತ್ಯದ ಬಗೆಗಿನ ಒಂದು ವರ್ಗೀಕರಣವಾಗುತ್ತದೆ. ಮುಖ್ಯ ಲೇಖನಗಳನ್ನು ಮೇಲೆ ದಪ್ಪ ಅಕ್ಷರಗಳಲ್ಲಿ, ಅಂಕಣಗಳನ್ನು ಕೆಳಗೆ ಸಣ್ಣ ಅಕ್ಷರಗಳಲ್ಲಿ ಹಾಕಿದರೆ ಅದು ಬೆಲೆಕಟ್ಟುವಿಕೆಯಾಗುತ್ತದೆ. ಆಧುನಿಕ ಜನಪ್ರಿಯ ಪತ್ರಿಕೆಗಳು ಬಹುಪಾಲು ಈ ಮೂರನೆಯ ದಾರಿಯನ್ನು ಹಿಡಿದಿವೆ.

ಪರಿವಿಡಿಯ ಜಾಗದ ವಿಷಯದಲ್ಲಿ ಅಮೆರಿಕದ ಎರಡು ಪತ್ರಿಕೆಗಳು ಎರಡು ತುದಿಗಳಲ್ಲಿ ನಿಂತಿದ್ದವು. ಡಿವಿಟ್ ವ್ಯಾಲೇಸ್ ಮತ್ತು ಲೀಲಾ ವ್ಯಾಲೇಸ್ ದಂಪತಿಗಳು 1922ರ ಫೆಬ್ರವರಿಯಲ್ಲಿ ಆರಂಭಿಸಿದ ‘ರೀಡರ್ಸ್ ಡೈಜೆಸ್ಟ್’ ದಿನಕ್ಕೊಂದರಂತೆ ತಿಂಗಳಿಗೆ 31 ಲೇಖನಗಳನ್ನು ಕೊಡುವ ಭರವಸೆಯಿತ್ತು, ಹಲವು ದಶಕಗಳ ಕಾಲ ಪರಿವಿಡಿಯನ್ನು ಮುಖಪುಟದ ಮೇಲೆಯೇ ಅಚ್ಚುಹಾಕಿತು. ಅಲ್ಲಿ ಪರಿವಿಡಿಯೇ ಮುಖ. ಇದಕ್ಕೆ ತೀರ ವಿರುದ್ಧವಾಗಿ, ಹೆರಾಲ್ಡ್ ರಾಸ್ 1925ರಲ್ಲಿ ಸ್ಥಾಪಿಸಿದ ‘ನ್ಯೂಯಾರ್ಕರ್’ ವಾರಪತ್ರಿಕೆಗೆ 1969ರವರೆಗೆ ಪರಿವಿಡಿಯೇ ಇರಲಿಲ್ಲ. ಲೇಖಕನ ಹೆಸರು ಕೂಡ ಬರಹದ ಕೊನೆಯಲ್ಲಿ, ಒಂದು ಗೆರೆಯ ಮುಂದೆ, ಸಣ್ಣದಾಗಿ ಬರುತ್ತಿತ್ತು. ಓದುಗನು ಮೊದಲ ಪುಟದಿಂದ ಹೊರಟು ದಾರಿಯಲ್ಲಿ ಸಿಕ್ಕಿದ್ದನ್ನು ಓದುತ್ತ ಹೋಗಬೇಕು. ಹೆಸರನ್ನು ಕಂಡು ಓದಬಾರದು, ಓದಿ ಹೆಸರನ್ನು ತಿಳಿಯಬೇಕು. ಇದು ಸಂಪಾದಕರ ಮೇಲೆ ಓದುಗರಿಗೆ ಇರಬೇಕಾದ ನಂಬಿಕೆಯನ್ನೇ ಆಧಾರವಾಗಿಸಿಕೊಂಡ ವಿನ್ಯಾಸ.

ಈ ವಿನ್ಯಾಸದ ಶಕ್ತಿಯೂ ಅಪಾಯವೂ 1946ರ ಆಗಸ್ಟ್ 31ರ ಸಂಚಿಕೆಯಲ್ಲಿ ಒಟ್ಟಿಗೇ ಪ್ರಕಟವಾದವು. ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದು ಒಂದು ವರ್ಷವಾಗಿತ್ತು. ಆ ದುರಂತದಲ್ಲಿ ಬದುಕುಳಿದ ಆರು ಜನರ ಅನುಭವವನ್ನು ಕುರಿತು ಜಾನ್ ಹರ್ಸೀ ಬರೆದ ದೀರ್ಘ ವರದಿಯು ನಾಲ್ಕು ಕಂತುಗಳಲ್ಲಿ ಬರಬೇಕಾಗಿತ್ತು. ವ್ಯವಸ್ಥಾಪಕ ಸಂಪಾದಕನಾಗಿದ್ದ ವಿಲಿಯಂ ಶಾನ್ ಅದನ್ನು ಒಂದೇ ಸಂಚಿಕೆಯಲ್ಲಿ ಹಾಕಬೇಕೆಂದು ರಾಸ್‌ನನ್ನು ಒಪ್ಪಿಸಿದನು. ಊರಿನ ಕಾರ್ಯಕ್ರಮಗಳ ವಿವರ ಮತ್ತು ಜಾಹೀರಾತುಗಳನ್ನು ಬಿಟ್ಟರೆ ಸಂಚಿಕೆಯ ತುಂಬ ಆ ಒಂದೇ ಬರಹ. ಮುಖಪುಟದಲ್ಲಿದ್ದುದು ಬೇಸಿಗೆಯ ಉದ್ಯಾನದಲ್ಲಿ ಜನರು ಆಡಿ ನಲಿಯುವ ಹಗುರವಾದ ಚಿತ್ರ. ಪರಿವಿಡಿ ಇಲ್ಲದ ಕಾರಣ ಒಳಗೇನಿದೆ ಎಂಬ ಸೂಚನೆಯೇ ಓದುಗನಿಗೆ ಇರಲಿಲ್ಲ. ಬರಹದ ಆರಂಭದಲ್ಲಿ ಸಂಪಾದಕರ ಕಿರುಟಿಪ್ಪಣಿಯೊಂದಿತ್ತು, ಅಷ್ಟೆ. ಕೊನೆಯ ಗಳಿಗೆಯಲ್ಲಿ ಇದನ್ನು ಮನಗಂಡವರು ಅಂಗಡಿಗಳಲ್ಲಿ ಮಾರುವ ಪ್ರತಿಗಳಿಗೆ ಎಚ್ಚರಿಕೆಯ ಮಾತಿನ ಬಿಳಿಯ ಕಾಗದದ ಪಟ್ಟಿಯನ್ನು ಸುತ್ತಿಸಿದರು. ಆ ಪಟ್ಟಿಯೇ ಅಂದಿನ ಪರಿವಿಡಿಯಾಯಿತೆನ್ನಬಹುದು. ನಗೆಚಿತ್ರಗಳನ್ನು ನಿರೀಕ್ಷಿಸಿ ಪುಟ ತಿರುವಿದ ಚಂದಾದಾರರು ಸಿದ್ಧತೆಯಿಲ್ಲದೆ ಆ ಬೆಂದ ನಗರದೊಳಕ್ಕೆ ಕಾಲಿಟ್ಟರು. ಮುಂಚಿತವಾಗಿ ಶೀರ್ಷಿಕೆಯನ್ನು ಕಂಡಿದ್ದರೆ ಅವರಲ್ಲಿ ಎಷ್ಟೋ ಮಂದಿ ಆ ಪುಟಗಳನ್ನು ದಾಟಿಹೋಗಬಹುದಾಗಿತ್ತು. ಪರಿವಿಡಿ ಓದುಗನಿಗೆ ಆಯ್ಕೆಯನ್ನು ಕೊಡುತ್ತದೆ. ನೋಡಲೇಬೇಕಾದುದನ್ನು ನೋಡದೆ ಇರುವ ಆಯ್ಕೆಯೂ ಅದರಲ್ಲಿ ಸೇರಿದೆ. 1969ರಲ್ಲಿ ಪತ್ರಿಕೆಗೆ ಪರಿವಿಡಿ ಬಂದಾಗ ಅದರ ಸಂಪಾದಕನಾಗಿದ್ದವನು ಅದೇ ಶಾನ್.

ವಿಜ್ಞಾನ ಪತ್ರಿಕೆಗಳ ಲೋಕದಲ್ಲಿ ಇದರ ತದ್ವಿರುದ್ಧವಾದುದು ನಡೆಯಿತು. 1950ರ ದಶಕದಲ್ಲಿ ಫಿಲಡೆಲ್ಫಿಯಾದ ಯೂಜೀನ್ ಗಾರ್ಫೀಲ್ಡ್ ‘ಕರೆಂಟ್ ಕಂಟೆಂಟ್ಸ್’ ಎಂಬ ಪ್ರಕಟಣೆಯನ್ನು ಆರಂಭಿಸಿದನು. ಅದರಲ್ಲಿ ಇದ್ದುದೆಲ್ಲ ಬೇರೆ ಪತ್ರಿಕೆಗಳ ಪರಿವಿಡಿಗಳೇ. ಮೂಲದ ಪುಟಗಳನ್ನು ಛಾಯಾಚಿತ್ರದ ಮೂಲಕ ಕಿರಿದುಗೊಳಿಸಿ ಅಂಗೈಯಗಲದ ಪುಸ್ತಿಕೆಯಾಗಿ ವಾರವಾರವೂ ಕಳುಹಿಸಲಾಗುತ್ತಿತ್ತು. ಸಂಶೋಧಕನು ಬೇಕಾದ ಶೀರ್ಷಿಕೆಯನ್ನು ಗುರುತಿಸಿ, ಲೇಖಕನ ವಿಳಾಸಕ್ಕೆ ಕಾರ್ಡು ಬರೆದು ಪ್ರತಿಯನ್ನು ತರಿಸಿಕೊಳ್ಳುತ್ತಿದ್ದನು. ಪ್ಲಿನಿಯ ಕಲ್ಪನೆ ಇಲ್ಲಿ ಪರಾಕಾಷ್ಠೆಯನ್ನು ಮುಟ್ಟಿತು: ಗ್ರಂಥವಿಲ್ಲದೆ ಸೂಚಿಯಷ್ಟೇ ಸಂಚರಿಸತೊಡಗಿತು. ಇಂತಹ ಬಳಕೆಗೆ ಏಕರೂಪತೆ ಅಗತ್ಯ. ನಿಯತಕಾಲಿಕಗಳ ಪರಿವಿಡಿಗೆಂದೇ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ 18ನೆಯ ಮಾನಕ ರೂಪುಗೊಂಡಿತು. ಭಾರತೀಯ ಮಾನಕಗಳ ಸಾಲಿನಲ್ಲಿ ಒಂದನೆಯದು ರಾಷ್ಟ್ರಧ್ವಜದ್ದಾದರೆ ನಾಲ್ಕನೆಯದು ವಿದ್ವತ್ಪತ್ರಿಕೆಗಳ ವಿನ್ಯಾಸದ್ದು. ಪ್ರಲೇಖನಕ್ಕೆ ಸಂಬಂಧಿಸಿದ ಮಾನಕಗಳ ಸಮಿತಿಯನ್ನು ಬಹುಕಾಲ ಮುನ್ನಡೆಸಿದವರು, ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್.

ಇಷ್ಟು ಪ್ರಾಮುಖ್ಯವಿರುವ ಪುಟ ಗ್ರಂಥಾಲಯಗಳಲ್ಲಿ ಉಳಿಯುವುದು ಮಾತ್ರ ಕಷ್ಟ. ಸಂಚಿಕೆಗಳನ್ನು ವರ್ಷಕ್ಕೊಮ್ಮೆ ಸಂಪುಟವಾಗಿ ಹೊಲಿಯುವಾಗ ರಟ್ಟನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತುಹಾಕುವುದು ಬೈಂಡಿಂಗಿನವರ ಹಳೆಯ ರೂಢಿ. ಪರಿವಿಡಿ ರಟ್ಟಿನ ಮೇಲೆ ಅಥವಾ ಅದರ ಒಳಬದಿಯಲ್ಲಿ ಅಚ್ಚಾಗಿದ್ದರೆ ಅದೂ ಅದರೊಡನೆಯೇ ಹೋಗುತ್ತದೆ. ಸಂಪುಟದ ಕೊನೆಯಲ್ಲಿ ವಾರ್ಷಿಕ ಅನುಕ್ರಮಣಿಕೆಯನ್ನು ಮುದ್ರಿಸಿದ ಪತ್ರಿಕೆಗಳಲ್ಲಿ ಬರಹಗಳ ಪಟ್ಟಿಯೇನೋ ಉಳಿಯುತ್ತದೆ. ಆದರೆ ಅಕಾರಾದಿಯಾಗಿ ಮರುಜೋಡಿಸಿದ ಆ ಪಟ್ಟಿಯಲ್ಲಿ ಒಂದು ತಿಂಗಳ ಸಂಚಿಕೆಯಲ್ಲಿ ಯಾರ ಪಕ್ಕದಲ್ಲಿ ಯಾರಿದ್ದರು, ಸಂಪಾದಕರು ಮೊದಲ ಮಣೆಯನ್ನು ಯಾರಿಗೆ ಕೊಟ್ಟಿದ್ದರು ಎಂಬುದು ಅಳಿಸಿಹೋಗಿರುತ್ತದೆ. ಅಂತರ್ಜಾಲದ ಭಂಡಾರಗಳಲ್ಲಿ ಲೇಖನವೊಂದನ್ನೇ ಪ್ರತ್ಯೇಕವಾಗಿ ಇಳಿಸಿಕೊಳ್ಳುವವನಿಗೂ ಇದೇ ನಷ್ಟವಾಗುತ್ತದೆ.

ಆದ್ದರಿಂದ ಹಳೆಯ ಪತ್ರಿಕೆಗಳ ಮೇಲೆ ಕೆಲಸಮಾಡುವ ವಿದ್ಯಾರ್ಥಿಯು ತನಗೆ ಬೇಕಾದ ಲೇಖನದ ಜೊತೆಗೆ ಆ ಸಂಚಿಕೆಯ ಪರಿವಿಡಿಯನ್ನೂ ಪ್ರತಿಮಾಡಿಕೊಳ್ಳುವುದು ಒಳ್ಳೆಯದು. ಪರಿವಿಡಿ ಹರಿದುಹೋಗಿದ್ದರೆ ಪುಟಪುಟವನ್ನೂ ತಿರುವಿ ಅದನ್ನು ಮತ್ತೆ ಕಟ್ಟಬೇಕು; ಪುಟದ ಮೂಲೆಯಲ್ಲಿ ಜಾಗ ತುಂಬಲು ಹಾಕಿದ ಹನಿಗವಿತೆಯನ್ನೂ, ಅದರ ಕೆಳಗಿನ ಅಪರಿಚಿತ ಕಾವ್ಯನಾಮವನ್ನೂ ಬಿಡದೆ ಬರೆದುಕೊಳ್ಳಬೇಕು. ಮಿಸೆಸ್ ಬಿ.ಟಿ.ಜಿ. ಕೃಷ್ಣ ಎಂಬ ಹೆಸರಿನ ಹಿಂದೆ ಗೌರಮ್ಮನವರಿದ್ದರು. ಹಾಗೆಯೇ ಇನ್ನೆಷ್ಟೋ ಹೆಸರುಗಳ ಹಿಂದೆ ಯಾರಿದ್ದರು ಎಂಬುದಕ್ಕೆ ಉತ್ತರ ಸಿಗುವುದಾದರೆ, ಅದರ ಮೊದಲ ಸುಳಿವು ಇರುವುದು ಆ ನಡುವಣ ಅಂಕಣದಲ್ಲಿಯೇ.